ಹಳೆಯ ಕ್ಲಾಸಿಕ್ 350ಗೆ ಇಂಟರ್‌ಸೆಪ್ಟರ್ 650ರ ಫೋರ್ಕ್, ಚಕ್ರ ಕೂರಿಸುವುದು ಹೇಗೆ

ರಾಯಲ್ ಎನ್‌ಫೀಲ್ಡ್‌ನ 2021ಕ್ಕೆ ಮೊದಲಿನ ಯುಸಿಇ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವಂಥದ್ದು) ಕ್ಲಾಸಿಕ್ 350ರ ಫೋರ್ಕ್ ಪೈಪು 35 ಮಿ.ಮೀ., ಇಂಟರ್‌ಸೆಪ್ಟರ್‌ದು 41. ಗುಜರಿಯಿಂದ ಬರೀ ಫೋರ್ಕ್ ಜೋಡಿ ತಂದರೆ ಕೆಲಸ ಮುಂದೆ ಹೋಗುವುದಿಲ್ಲ. ಕ್ಲಾಸಿಕ್‌ನಲ್ಲಿ ಹೆಡ್‌ಲೈಟ್ ಕೂರುವ ದಪ್ಪ ಲೋಹದ ಮೂತಿಯೇ ಮೇಲಿನ ಕ್ಲ್ಯಾಂಪ್. ಪೈಪಿನ ತುದಿ ಅದಕ್ಕೇ ಬಿಗಿಯುತ್ತದೆ. ಅದನ್ನು ಕೊರೆಸಿ ಅಗಲ ಮಾಡುವ ಯೋಚನೆ ಬೇಡ. ಹಾಗಾಗಿ ಮೇಲಿನ-ಕೆಳಗಿನ ಕ್ಲ್ಯಾಂಪ್, ಚಕ್ರ, ಆಕ್ಸಲ್, ಬುಷ್‌ಗಳು, ಬ್ರೇಕ್ ಕ್ಯಾಲಿಪರ್, ಬ್ರೇಕ್ ಲಿವರ್‌ನ ಮಾಸ್ಟರ್ ಸಿಲಿಂಡರ್ ಎಲ್ಲವೂ ಒಂದೇ ಗಾಡಿಯಿಂದ ಬಿಚ್ಚಿದ ಸೆಟ್ ಆಗಿರಲಿ. ಹೆಡ್‌ಲೈಟ್, ಮೀಟರ್‌ಗೆ ಬೇರೆ ಬ್ರಾಕೆಟ್ ಮಾಡಿಸಲೇಬೇಕು, ಕ್ಲಾಸಿಕ್‌ನ ಆ ಮುಖ ಉಳಿಯುವುದಿಲ್ಲ. ಅದು ಬೇಕೇಬೇಕು ಅನ್ನುವವರು ಇಲ್ಲೇ ಬಿಟ್ಟುಬಿಡುವುದು ಒಳ್ಳೆಯದು.

ನಿಜವಾದ ಕೆಲಸವಿರುವುದು ಸ್ಟೆಮ್‌ನಲ್ಲಿ, ಅಂದರೆ ಕೆಳಗಿನ ಕ್ಲ್ಯಾಂಪ್‌ನಿಂದ ಎದ್ದು ಚಾಸಿಯ ಕುತ್ತಿಗೆಯೊಳಗೆ ಬೇರಿಂಗ್ ಮೇಲೆ ತಿರುಗುವ ದಂಡದಲ್ಲಿ. ಎರಡೂ ಸ್ಟೆಮ್ ಪಕ್ಕಪಕ್ಕ ಇಟ್ಟು ವರ್ನಿಯರ್‌ನಲ್ಲಿ ಅಳೆಯಿರಿ: ಮೇಲೆ, ಕೆಳಗೆ ಬೇರಿಂಗ್ ಕೂರುವ ಕಡೆಯ ವ್ಯಾಸ, ಅವೆರಡರ ನಡುವಿನ ಉದ್ದ. ಚಾಸಿಯ ಕಡೆ ಬೇರಿಂಗ್ ಕಪ್ ಕೂರುವ ಒಳವ್ಯಾಸವನ್ನೂ ಬರೆದುಕೊಳ್ಳಿ. ಒಳವ್ಯಾಸ ಸ್ಟೆಮ್‌ಗೆ, ಹೊರವ್ಯಾಸ ಚಾಸಿಗೆ ಹೊಂದುವ ಟೇಪರ್ ಬೇರಿಂಗ್ ಸಿಕ್ಕರೆ ಅದೇ ಸುಲಭ ದಾರಿ. ಸಿಗದಿದ್ದರೆ ಲೇತ್‌ನಲ್ಲಿ ಹೊಸ ಸ್ಟೆಮ್ ಮಾಡಿಸಿ ಕೆಳಗಿನ ಕ್ಲ್ಯಾಂಪ್‌ಗೆ ಪ್ರೆಸ್ ಮಾಡಿಸಿ. ಹಳೆಯದನ್ನು ಕತ್ತರಿಸಿ ವೆಲ್ಡ್ ಮಾಡಿಸಬೇಡಿ. ಕೆಳಗಿನ ರೇಸ್ (ಬೇರಿಂಗ್‌ನ ಒಳಬಳೆ) ಬಡಿದರಷ್ಟೇ ಕೂರುವಷ್ಟು ಬಿಗಿ ಇರಬೇಕು. ಮೇಲಿನದು ಕೈಯಲ್ಲಿ ಜಾರಬೇಕು, ಇಲ್ಲವಾದರೆ ನಟ್ ತಿರುಗಿಸಿ ಬಿಗಿ ಹೊಂದಿಸಲು ಆಗುವುದಿಲ್ಲ. ಚಕ್ರ ನೆಲದಿಂದ ಎತ್ತಿದಾಗ ಹ್ಯಾಂಡಲ್ ತನ್ನ ಭಾರಕ್ಕೇ ಎರಡೂ ಕಡೆ ಬೀಳಬೇಕು. ಫೋರ್ಕ್ ಕಾಲು ಹಿಡಿದು ಹಿಂದೆ-ಮುಂದೆ ಅಲ್ಲಾಡಿಸಿದರೆ ಟಕ್ ಅನ್ನಬಾರದು.

19ರ ಜಾಗಕ್ಕೆ 18 ಇಂಚಿನ ಚಕ್ರ ಎಂದು ಹೆದರಬೇಕಿಲ್ಲ. ಕ್ಲಾಸಿಕ್‌ನ 90/90-19 ಟೈರಿನ ವ್ಯಾಸ ಸುಮಾರು 645 ಮಿ.ಮೀ., ಇಂಟರ್‌ಸೆಪ್ಟರ್‌ನ 100/90-18ರದ್ದು 637. ಮುಂಭಾಗ ಚಕ್ರದಿಂದ ಇಳಿಯುವುದು 4 ಮಿ.ಮೀ. ಅಷ್ಟೇ. ಫೋರ್ಕ್ ಉದ್ದದ ವ್ಯತ್ಯಾಸವನ್ನು ಬೇರೆ ಅಳೆದು ಕ್ಲ್ಯಾಂಪ್‌ನಲ್ಲಿ ಪೈಪು ಏರಿಸಿ ಇಳಿಸಿ ಸರಿಮಾಡಿ. 100/80-17 ಹಾಕಿದರೆ ಮಾತ್ರ ಕಥೆ ಬೇರೆ: ಮುಂಭಾಗ 26 ಮಿ.ಮೀ. ಕುಸಿಯುತ್ತದೆ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗದಿಂದ ಟೈರು ನೆಲ ಮುಟ್ಟುವ ಜಾಗಕ್ಕಿರುವ ಅಂತರ) ಕಡಿಮೆಯಾಗಿ ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ.

ಸ್ಪ್ರಿಂಗ್ ಹಾಕುವ ಮುನ್ನ ಗಾಡಿಗೆ ಭದ್ರ ಆಸರೆ ಕೊಟ್ಟು ಫೋರ್ಕನ್ನು ಪೂರ್ತಿ ಒತ್ತಿ ನೋಡಿ. ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಹ್ಯಾಂಡಲ್ ಕೊನೆವರೆಗೆ ತಿರುಗಿಸಿದಾಗ ಪೈಪು ಟ್ಯಾಂಕಿಗೆ ಹೊಡೆಯುತ್ತಿದ್ದರೆ ಸ್ಟಾಪರ್‌ಗೆ ಲೋಹ ಸೇರಿಸಬೇಕು.

ಕ್ಲಾಸಿಕ್‌ನ ಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುತ್ತದೆ, ಹೊಸ ಹಬ್‌ನಲ್ಲಿ ಅದಕ್ಕೆ ಜಾಗವಿಲ್ಲ. ಡಿಜಿಟಲ್ ಮೀಟರ್ ಹಾಕಿ ಸುತ್ತಳತೆ 2000 ಮಿ.ಮೀ. ಎಂದು ಕೊಡಿ. ಕ್ಲಾಸಿಕ್‌ನ ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡರೆ ಪಿಸ್ಟನ್ ಅಳತೆ ಹೊಂದದೆ ಲಿವರ್ ಒಂದೋ ಕಲ್ಲಾಗುತ್ತದೆ, ಇಲ್ಲವೇ ಹಿಡಿಯವರೆಗೆ ಬರುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಸೆನ್ಸರ್ ರಿಂಗ್‌ನ ಹಲ್ಲು ಎಣಿಸಿ. ಲೆಕ್ಕ ಬೇರೆಯಾದರೆ ಚಕ್ರದ ವೇಗ ತಪ್ಪಾಗಿ ಓದುತ್ತದೆ, ಅಂಥದ್ದನ್ನು ರಸ್ತೆಗೆ ಇಳಿಸಬೇಡಿ.

ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. ಹಾಗಾಗಿ ಮರಳಿ ಕೂರಿಸಲು ಬೇಕಾಗಬಹುದು, ಬಿಚ್ಚಿದ ಮೂಲ ಸೆಟ್ ಮಾರಬೇಡಿ.