ಒಣಮರ ಒಂದಿದ್ದರೆ ಇರಲಿ ಬಿಡಿ

ಹಕ್ಕಿಗಳಿಗೆ ನಮ್ಮಿಂದ ಏನು ಮಾಡೋಕಾಗುತ್ತೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ಒಣಮರ ಕಡಿಯಬೇಡಿ ಅಂತ. ಕಾಳು ಹಾಕೋದು, ಪೇಟೆಯಿಂದ ಗೂಡಿನ ಪೆಟ್ಟಿಗೆ ತಂದು ನೇತುಹಾಕೋದು ಎಲ್ಲ ಆಮೇಲೆ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಹಿಂದೆ ಸೊಪ್ಪಿನಬೆಟ್ಟ. ತೋಟದ ಅಂಚಿಗೆ ತುದಿ ಒಣಗಿದ ಹಾಲವಾಣ ಒಂದು ನಿಂತಿದೆ. ದೊಡ್ಡಪ್ಪ ಅದರ ಮೇಲೆ ಕಣ್ಣಿಟ್ಟಿದ್ದರು, ಅಡಿಕೆ ಬೇಯಿಸುವ ಒಲೆಗಾಯ್ತು ಅಂತ.

"ಸತ್ತ ಮರ ಇಟ್ಕಂಡು ಪೂಜೆ ಮಾಡ್ತೀಯನೋ?"

"ಹಾಲವಾಣ ಎಲ್ಲಿ ಉರಿಯುತ್ತೆ ದೊಡ್ಡಪ್ಪ, ಬರೀ ಹೊಗೆ."

ಅಲ್ಲಿಗೆ ಮಾತು ಮುಗಿಯಿತು. ನಿಜಕ್ಕೂ ಅದು ಮೆದು ಮರ, ಕಟ್ಟಿಗೆಗೆ ಬಾರದ್ದು. ಕುಟ್ರುಹಕ್ಕಿಗೆ ಬೇಕಾದದ್ದೇ ಆ ಮೆದು. ಚಳಿಗಾಲದ ಕೊನೆಗೆ ಒಂದು ಜೋಡಿ ಬಂದು ಕೊರೆಯಲು ಶುರು ಮಾಡಿತು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕೆಲಸ ಮಾಡುತ್ತವೆ. ಒಂದು ಒಳಗೆ ತಲೆ ತೂರಿಸಿ ಕುಟ್ಟುತ್ತೆ, ಬಾಯ್ತುಂಬ ಪುಡಿ ತಂದು ತಲೆ ಒದರಿ ಉದುರಿಸುತ್ತೆ, ಇನ್ನೊಂದು ಪಕ್ಕದ ಕೊಂಬೆಯಲ್ಲಿ ಕೂತು ಕುಟ್ರೂ ಕುಟ್ರೂ ಅಂತ ಗಂಟಲು ಹರಿದುಕೊಳ್ಳುತ್ತೆ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕೊಕ್ಕಿನ ಬುಡದ ಮೀಸೆಗೂದಲಿಗೆಲ್ಲ ಮರದ ಪುಡಿ. ಬುಡಕ್ಕೆ ಹೋಗಿ ನೋಡಿದರೆ ಕೆಸುವಿನ ಎಲೆ ಮೇಲೂ ಅದೇ ಪುಡಿ. ಮರಿ ಹಾರಿಹೋದ ಮೇಲೆ ತೂತು ಖಾಲಿ ಉಳಿಯಲಿಲ್ಲ, ಮುಂದಿನ ವರ್ಷ ಮಡಿವಾಳ ಹಕ್ಕಿ ಬಂದು ಸಂಸಾರ ಹೂಡಿತು. ಅದಕ್ಕೆ ಸ್ವಂತ ಕೊರೆಯೋಕೆ ಬರಲ್ಲ, ಗೊರವಂಕಕ್ಕೂ ಬರಲ್ಲ. ಯಾರೋ ಕೊರೆದು ಬಿಟ್ಟ ಮನೆಯೇ ಆಗಬೇಕು.

ಮಂಗಟ್ಟೆ, ಅಂದರೆ ಹಾರ್ನ್‌ಬಿಲ್ ಹಕ್ಕಿಯದು ಇನ್ನೂ ಕಷ್ಟ. ಅದಕ್ಕೆ ಹಳೇ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆ ಬೇಕು. ಹೆಣ್ಣು ಒಳಗೆ ಹೋಗಿ ಬಾಗಿಲು ಮೆತ್ತಿಕೊಂಡು ಕೂತರೆ ಗಂಡು ಸಣ್ಣ ಸಂದಿಯಲ್ಲಿ ಹಣ್ಣು ಕೊಡುತ್ತಾ ಇರುತ್ತೆ, ಮೊಟ್ಟೆ ಮರಿ ಎಲ್ಲ ಅಲ್ಲೇ. ಅಂಥ ಪೊಟರೆಗೆ ವರ್ಷ ವರ್ಷವೂ ಮರಳಿ ಬರುತ್ತವೆ. ಆ ಮರ ಹೋಯಿತು ಅಂದರೆ ಬೇರೆ ಮರ ನೆಟ್ಟು ಸರಿಮಾಡೋಣ ಅನ್ನೋದು ಸುಮ್ನೆ ಮಾತು, ಪೊಟರೆ ಬೀಳುವಷ್ಟು ದಪ್ಪ ಆಗೋಕೆ ನಮ್ಮ ಆಯಸ್ಸು ಸಾಲಲ್ಲ. ಹಾಗಾಗಿ ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಅತ್ತಿ, ಬಸರಿ, ಗೋಣಿ ಮರಗಳಿಗೆ ಕತ್ತಿ ತಾಗಿಸಬೇಡಿ ಅಂತ ಕೆಲಸದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಣ್ಣಿದ್ದರೆ ಮಂಗಟ್ಟೆ, ಪಿಕಳಾರ, ಕುಟ್ರು ಎಲ್ಲ ತಾವೇ ಬರುತ್ತವೆ.

ಇನ್ನು ನೋಡುವ ಕೆಲಸ. ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಂದು ಕಡೆ ಕೂತು ಹದಿನೈದು ನಿಮಿಷ ಕಂಡದ್ದು, ಕೇಳಿದ್ದು ಎಲ್ಲ ಬರೆದು ಇಬರ್ಡ್ ಅನ್ನೋ ಹಕ್ಕಿ ಪಟ್ಟಿಯ ಜಾಲತಾಣಕ್ಕೆ ಹಾಕುತ್ತೇನೆ. ಕಾಗೆಯನ್ನೂ ಬಿಡುವುದಿಲ್ಲ. ಅಪರೂಪದ್ದನ್ನು ಮಾತ್ರ ಬರೆದರೆ ಮಾಮೂಲಿ ಹಕ್ಕಿ ಕಡಿಮೆ ಆಗುತ್ತಿರುವುದು ಯಾರಿಗೂ ತಿಳಿಯಲ್ಲ ಅಲ್ವಾ? ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2023ರಲ್ಲಿ ಬಂದ ವರದಿ ಇಂಥ ಪಟ್ಟಿಗಳಿಂದಲೇ ಆದದ್ದು. 942 ಜಾತಿಗಳನ್ನು ನೋಡಿ, 178ಕ್ಕೆ ತುರ್ತು ಗಮನ ಬೇಕು ಅಂದಿದ್ದಾರೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ, ಶುರು ಮಾಡಲು ಅದೇ ಒಳ್ಳೆ ಸಮಯ.

ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತೆ. ಆದರೆ ಕಣ್ಣಿಗೆ ಕಾಣದೆ ನಂಬಬೇಡಿ. ಬಾಲದಲ್ಲಿ ಎರಡು ತಂತಿ ಇಳಿಬಿಟ್ಟ ಆ ಕಾಜಾಣ ಇದೆಯಲ್ಲ, ಅದು ಗಿಡುಗನ ಹಾಗೂ ಕೂಗುತ್ತೆ, ಪಕ್ಕದ ಹಕ್ಕಿ ಹಾಗೂ ಕೂಗುತ್ತೆ. ಮತ್ತೆ ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂದ ಅಂತ ಅದು ಕೆಲಸ ಬಿಟ್ಟು ಓಡಿ ಬರುತ್ತೆ, ಇವರಿಗೆ ಒಂದು ಫೋಟೊ.

ತೋಟ ಇಲ್ಲದವರು ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುಗಡ್ಡೆ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರುತ್ತವೆ, ದಡದಿಂದಲೇ ಕಾಣುತ್ತೆ. ಕೊಡೆ ಮರೆಯಬೇಡಿ.