ದಾರಿ ಸಿಕ್ಕಿದ್ದು ಮಕ್ಕಳ ಸಾಲಿನಲ್ಲಿ

ಹೆಂಡತಿಯ ಮನೆಯವರು ಅಮೆರಿಕದವರು. ಅವಳ ಹಿರಿಯರು 1850ರ ಜನಗಣತಿಯಲ್ಲಿ ಓಹಾಯೋದಲ್ಲಿದ್ದಾರೆ, 1880ರಲ್ಲಿ ನೆಬ್ರಾಸ್ಕಾದಲ್ಲಿ. ನಡುವೆ ಎಲ್ಲಿದ್ದರು? ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ, ಸುಮ್ನೆ ತಲೆನೋವು.

ಗಂಟು ಬಿಚ್ಚಿದ್ದು 1880ರ ಹಾಳೆಯೇ. ಅದರಲ್ಲಿ ಪ್ರತಿಯೊಬ್ಬರ ವಯಸ್ಸಿನ ಜೊತೆ ಹುಟ್ಟಿದ ರಾಜ್ಯವೂ ಇರುತ್ತದೆ. ದೊಡ್ಡ ಮಗ 24, ಇಂಡಿಯಾನಾ. ಮಗಳು 17, ಅಯೋವಾ. ಚಿಕ್ಕವನು 6, ನೆಬ್ರಾಸ್ಕಾ. ಅಂದರೆ 1863ರ ಸುಮಾರಿಗೆ ಅಯೋವಾದಲ್ಲಿದ್ದರು, ಅಲ್ವಾ? 1870ರ ಅಯೋವಾ ಗಣತಿಯಲ್ಲಿ ಇದೇ ಮಕ್ಕಳ ಹೆಸರು ಹಿಡಿದು ನೋಡಿದೆ, ಇಡೀ ಸಂಸಾರ ಸಿಕ್ಕಿತು, ಅಪ್ಪನ ಹೆಸರನ್ನು ಮಾತ್ರ ಬರೆದವನು ಕೆಡಿಸಿದ್ದ!

ನೆಬ್ರಾಸ್ಕಾಗೆ ಬಂದ ವರ್ಷ ತಿಳಿಯೋಕೆ ಹೋಮ್‌ಸ್ಟೆಡ್ ಕಡತ ತರಿಸಿದೆ, ಅಂದರೆ ನೆಲೆಸಿ ಉತ್ತವರಿಗೆ ಸರ್ಕಾರ ಜಮೀನು ಕೊಟ್ಟ ದಾಖಲೆ. 1862ರ ಕಾಯ್ದೆಯಲ್ಲಿ 160 ಎಕರೆವರೆಗೆ ಜಮೀನು ಪಡೆದವರು ಯಾವಾಗ ನೆಲೆಸಿದರು, ಎಷ್ಟು ಉತ್ತರು ಅಂತ ಸಾಕ್ಷಿಗಳ ಹೇಳಿಕೆ ಅದರಲ್ಲಿದೆ. 1890ರ ಗಣತಿಗೆ ಜಾಸ್ತಿ ಹೊತ್ತು ಕೊಡಬೇಡಿ, 1921ರಲ್ಲಿ ಆ ಹಾಳೆಗಳಿಗೆ ಬೆಂಕಿ ಬಿದ್ದ ನಂತರ ಚೂರುಪಾರು ಮಾತ್ರ ಉಳಿದಿದೆ.