ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಪದೇ ಪದೇ ಕಟ್ ಆಗುತ್ತಿತ್ತು: ನಾನು ಸರಿ ಮಾಡಿಕೊಂಡ ಬಗೆ

ಹಾಸನದಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಶೂಟ್ ಮಾಡಿದ್ದೆಲ್ಲ ಕೊನೆಗೆ ಬಂದು ಸೇರುವುದು 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ. ಮದುವೆ ಸೀಸನ್ ಜೋರಾಗಿರುವಾಗಲೇ ಅದು ಕಾಟ ಕೊಡಲು ಶುರು ಮಾಡಿತು. ದೊಡ್ಡ ವಿಡಿಯೊ ಫೋಲ್ಡರ್ ಕಾಪಿಗೆ ಹಾಕಿದರೆ ಸ್ವಲ್ಪ ಹೊತ್ತು ಓಡುತ್ತಿತ್ತು. ಆಮೇಲೆ ಯುಎಸ್‌ಬಿ ಕಿತ್ತಾಗ ಬರುವ ಶಬ್ದ ಬಂದು ಡ್ರೈವ್ ಮಾಯ. ಒಂದು ಗಳಿಗೆ ಬಿಟ್ಟು ತಾನಾಗೇ ವಾಪಸ್ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

"ಡಿಸ್ಕ್ ಹೋಗಿದೆ ಅಣ್ಣಾ, ಹೊಸದು ತಗೊಳ್ಳೋಣ" ಅಂದ ಸ್ಟುಡಿಯೊ ಹುಡುಗ. ಹೆಚ್ಚಿನವರು ಹೇಳುವುದೂ ಇದನ್ನೇ. ಆದರೆ ಕಟ್ ಆಗುವುದು ಬರೀ ಲಕ್ಷಣ. ಜ್ವರ ಬಂತು ಅಂದಮಾತ್ರಕ್ಕೆ ಯಾವ ಕಾಯಿಲೆ ಅಂತ ಗೊತ್ತಾಗುತ್ತದಾ? ಕರೆಂಟ್ ಸಾಲದೆ ಇರಬಹುದು, ಕೇಬಲ್ ಕೆಟ್ಟಿರಬಹುದು, ಕಂಪ್ಯೂಟರೇ ಪವರ್ ಉಳಿಸಲು ಪೋರ್ಟ್ ಮಲಗಿಸಿರಬಹುದು, ಕೊನೆಗೆ ಡಿಸ್ಕೇ ಸಾಯುತ್ತಿರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ.

ರಿಪೇರಿಗೆ ಕೈ ಹಾಕುವ ಮುಂಚೆ ಒಂದು ಮಾತು. ಹೀಗೆ ಕಟ್ ಆಗಿ ಬಂದ ಡ್ರೈವ್ ತೆರೆಯಲು ಹೋದರೆ ಕೆಲವು ಸಲ ವಿಂಡೋಸ್ 'ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಡೇಟಾ ಸಾಮಾನ್ಯವಾಗಿ ಹಾಗೇ ಇರುತ್ತದೆ, ಆ ಕ್ಷಣಕ್ಕೆ ಓದಲು ಆಗಿಲ್ಲ ಅಷ್ಟೆ. ಚೆಕ್‌ಡಿಸ್ಕ್ ಕೂಡ ಆಗಲೇ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ ತಿದ್ದಿ ಬರೆಯುವ ಸಾಧನ. ಬರೆಯುವಾಗ ನಡುವೆ ಡ್ರೈವ್ ಕಟ್ ಆದರೆ ಇದ್ದದ್ದೂ ಹಾಳಾಗಬಹುದು. ಬೇರೆಯವರ ಮದುವೆ ವಿಡಿಯೊ ಇರುವ ಡಿಸ್ಕ್ ಮೇಲೆ ನಾನು ಆ ಪ್ರಯೋಗ ಮಾಡುವುದಿಲ್ಲ.

ನಾನು ಮೊದಲು ಮಾಡಿದ್ದು ಡಿಸ್ಕ್ ಮೇಲೆ ಬೆರಳಿಟ್ಟು ಕೂತದ್ದು. ಕಾಪಿ ಹಾಕಿ, ಡ್ರೈವ್ ಮಾಯವಾಗುವ ಆ ಗಳಿಗೆಯಲ್ಲಿ ಒಳಗಿನ ತಿರುಗಾಟ ಏನಾಗುತ್ತದೆ ಅಂತ ಗಮನಿಸಿದೆ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಪ್ಲೇಟು ತಿರುಗುವ ಸಣ್ಣ ನಡುಕ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕಟ್ ಆದಾಗ ಆ ನಡುಕವೂ ನಿಂತು, ಆಮೇಲೆ 'ಝುಂಯ್' ಅಂತ ಮತ್ತೆ ಶುರುವಾದರೆ ಡಿಸ್ಕ್‌ಗೆ ಕರೆಂಟೇ ತಪ್ಪಿದೆ ಅಂತ ಅರ್ಥ. ನಡುಕ ಹಾಗೇ ಇದ್ದು ಕಂಪ್ಯೂಟರ್ ಮಾತ್ರ 'ಡ್ರೈವ್ ಇಲ್ಲ' ಅಂದರೆ ಕರೆಂಟ್ ಸರಿಯಿದೆ, ಡೇಟಾ ಹೋಗುವ ದಾರಿಯಲ್ಲಿ ತೊಂದರೆ ಇದೆ. 'ಟಕ್ ಟಕ್' ಅಂತ ಒಂದೇ ಲಯದಲ್ಲಿ ಶಬ್ದ ಬಂದರೆ ಆಟ ಅಲ್ಲಿಗೆ ನಿಲ್ಲಿಸಿ. ಪ್ಲೇಟಿನಿಂದ ಡೇಟಾ ಓದುವ ಹೆಡ್‌ಗೆ ಪೆಟ್ಟು ಬಿದ್ದಿರಬಹುದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ನಷ್ಟ ಜಾಸ್ತಿ.

ನನ್ನ ಡಿಸ್ಕ್‌ನಲ್ಲಿ ನಡುಕ ನಿಂತು ಮತ್ತೆ ಶುರುವಾಗುತ್ತಿತ್ತು. ಅಂದರೆ ಕರೆಂಟಿನದೇ ಸಮಸ್ಯೆ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. 2.5 ಇಂಚಿನ ಎಷ್ಟೋ ಡಿಸ್ಕ್‌ಗಳು ತಿರುಗಲು ಶುರು ಮಾಡುವಾಗ 1 ಆಂಪಿಯರ್ ಹತ್ತಿರ ಎಳೆಯುತ್ತವೆ. ನಾನು ಚುಚ್ಚುತ್ತಿದ್ದದ್ದು ಕ್ಯಾಬಿನೆಟ್ ಮುಂಭಾಗದ ಪೋರ್ಟ್‌ಗೆ. ಅಲ್ಲಿಂದ ಮದರ್‌ಬೋರ್ಡ್‌ಗೆ ಒಳಗಡೆ ಒಂದು ತೆಳು ವೈರ್ ಹೋಗಿರುತ್ತದೆ. ಆ ದಾರಿಯಲ್ಲಿ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಅಡಾಪ್ಟರ್ ಇಲ್ಲದ ಅಗ್ಗದ ಹಬ್ ಇದ್ದರೂ ಇದೇ ಕಥೆ. ಒಂದೇ ಪೋರ್ಟಿನ ಕರೆಂಟನ್ನು ನಾಲ್ಕು ಜನಕ್ಕೆ ಹಂಚುತ್ತದೆ. 3.5 ಇಂಚಿನ ದೊಡ್ಡ ಡಿಸ್ಕ್ ಇದ್ದವರು ಅದರ 12 ವೋಲ್ಟ್ ಅಡಾಪ್ಟರ್ ಬದಲಿಸಿ ನೋಡಬೇಕು, ಅದು ಸೊರಗಿದರೂ ಲಕ್ಷಣ ಹೀಗೇ ಇರುತ್ತದೆ.

ಕೇಬಲ್ ಹಿಂದಕ್ಕೆ ತಂದು ಮದರ್‌ಬೋರ್ಡಿನ ನೀಲಿ ಪೋರ್ಟ್‌ಗೇ, ಅಂದರೆ ಯುಎಸ್‌ಬಿ 3.0 ಪೋರ್ಟ್‌ಗೇ, ನೇರ ಚುಚ್ಚಿದೆ. ಡಿಸ್ಕಿನ ತಿರುಗಾಟ ನಡುವೆ ನಿಲ್ಲುವುದು ತಪ್ಪಿತು. ಆದರೆ ಡ್ರೈವ್ ಮಾಯವಾಗುವುದು ನಿಲ್ಲಲಿಲ್ಲ! ಈಗ ನಡುಕ ಹಾಗೇ ಇದೆ, ಕಂಪ್ಯೂಟರಿಗೆ ಮಾತ್ರ ಡ್ರೈವ್ ಕಾಣುತ್ತಿಲ್ಲ. ಇಂಥ ಹೊತ್ತಲ್ಲೇ ಜನ ತಲೆ ಕೆಟ್ಟು ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಹಾಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಲಕ್ಷಣ ಬದಲಾಗಿದೆ ಅಂದರೆ ಒಂದು ದೋಷ ಹೋಗಿ ಇನ್ನೊಂದು ಉಳಿದಿದೆ ಅಂತ ನಾನು ಲೆಕ್ಕ ಹಾಕಿದೆ.

ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿದೆ. ಅಲ್ಲಿ 157 ಅನ್ನುವ ನಂಬರ್ ಸಾಲಾಗಿ ಕೂತಿತ್ತು. ಹೇಳದೆ ಕೇಳದೆ ಡಿಸ್ಕ್ ಕಿತ್ತುಹೋಯಿತು ಅಂತ ಅದರ ಅರ್ಥ. ಟೈಮ್ ಹೋಲಿಸಿ ನೋಡಿದರೆ ಎಲ್ಲವೂ ಕಾಪಿ ನಡೆಯುತ್ತಿದ್ದ ಹೊತ್ತಿನವು. ಡಿಸ್ಕಿನಲ್ಲೇ ಕೆಟ್ಟ ಜಾಗ ಇದ್ದರೆ ಬರುವ 7ನೇ ನಂಬರ್ ಎಲ್ಲೂ ಇರಲಿಲ್ಲ. ಸ್ವಲ್ಪ ಸಮಾಧಾನ ಆಯಿತು.

ಇನ್ನು ಕೇಬಲ್. ಈ ಡಿಸ್ಕ್‌ಗಳ ಹಿಂದಿನ ಸಾಕೆಟ್ ಗಮನಿಸಿದ್ದೀರಾ? ಮೈಕ್ರೊ-ಬಿ ಅಂತಾರೆ. ಚಪ್ಪಟೆಯಾಗಿ, ಎರಡು ಭಾಗ ಅಂಟಿಸಿದ ಹಾಗಿರುತ್ತದೆ. ಅಗಲದ ಭಾಗ ಹಳೇ ಫೋನ್ ಚಾರ್ಜರಿನ ಮೈಕ್ರೊ ಯುಎಸ್‌ಬಿ ಆಕಾರದ್ದೇ. ಕರೆಂಟು ಮತ್ತು ಯುಎಸ್‌ಬಿ 2.0 ಡೇಟಾ ಓಡಾಡುವುದು ಅಲ್ಲಿ. ಪಕ್ಕದ ಸಣ್ಣ ಭಾಗದಲ್ಲಿ 3.0 ವೇಗಕ್ಕೆ ಬೇಕಾದ ಇನ್ನೈದು ಪಿನ್‌ಗಳು. ಅಂದರೆ ಹಳೇ ಮೈಕ್ರೊ ಯುಎಸ್‌ಬಿ ಡೇಟಾ ಕೇಬಲ್ಲನ್ನು ಅಗಲದ ಭಾಗಕ್ಕೆ ಹಾಕಿದರೂ ಡಿಸ್ಕ್ ಕೆಲಸ ಮಾಡುತ್ತದೆ, ನಿಧಾನವಾಗಿ.

ಡ್ರಾಯರಿನಲ್ಲಿದ್ದ ಅಂಥದ್ದೊಂದು ಗಿಡ್ಡ ಕೇಬಲ್ ಹಾಕಿ ಅದೇ ಫೋಲ್ಡರ್ ಕಾಪಿಗೆ ಬಿಟ್ಟೆ. ಸೆಕೆಂಡಿಗೆ 30 ಎಂಬಿ ಆಸುಪಾಸಿನಲ್ಲಿ ತೆವಳಿಕೊಂಡು ಹೋಯಿತು, ಆದರೆ ಒಂದು ಸಲವೂ ಕಟ್ ಆಗಲಿಲ್ಲ. ಅಲ್ಲಿಗೆ ಗೊತ್ತಾಯಿತಲ್ವಾ? ಡಿಸ್ಕ್ ಚೆನ್ನಾಗಿದೆ, ಕರೆಂಟ್ ಸಾಕು, ಎಡವುತ್ತಿರುವುದು 3.0 ದಾರಿ ಮಾತ್ರ. ಕೂಡಲೇ ಮಾಡಿದ ಇನ್ನೊಂದು ಕೆಲಸ, ಆ ನಿಧಾನದ ಕೇಬಲ್ಲಿನಲ್ಲೇ ಮುಖ್ಯವಾದ ಫೋಲ್ಡರ್‌ಗಳನ್ನೆಲ್ಲ ರಾತ್ರಿಯಿಡೀ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡದ್ದು. ಸ್ಥಿರವಾಗಿ ನಿಂತ ಮೊದಲ ದಾರಿಯಲ್ಲೇ ಡೇಟಾ ಹೊರಗೆ ತೆಗೆಯಬೇಕು, ವೇಗ ಆಮೇಲೆ ನೋಡಿಕೊಳ್ಳಬಹುದು.

ಮಾರನೇ ದಿನ ಟಾರ್ಚ್ ಹಿಡಿದು ಸಾಕೆಟ್ ನೋಡಿದೆ. ಪಿನ್ ಬಾಗಿಲ್ಲ, ತುಕ್ಕು ಇಲ್ಲ, ಅಲ್ಲಾಡುತ್ತಿಲ್ಲ. ಮೂಲ ಕೇಬಲ್ ಮತ್ತೆ ಹಾಕಿ ಕನೆಕ್ಟರ್ ಪಕ್ಕದಲ್ಲಿ ಮೆಲ್ಲಗೆ ಮುಟ್ಟಿದರೆ ಸಾಕು, ಡ್ರೈವ್ ಮಾಯ. ದಿನಾ ಬ್ಯಾಗಿಗೆ ತುರುಕಿ ತುರುಕಿ ಬುಡದಲ್ಲಿ ವೈರ್ ಸೋತಿತ್ತು. ಅರ್ಧ ಮೀಟರಿಗಿಂತ ಗಿಡ್ಡದೊಂದು ಒಳ್ಳೇ 3.0 ಕೇಬಲ್ ತಂದು ಹಾಕಿದೆ. ವೇಗ ಸೆಕೆಂಡಿಗೆ 100 ಎಂಬಿ ದಾಟಿತು, ಕಾಪಿ ಪೂರ್ತಿ ಮುಗಿಯಿತು. ಸಾಕೆಟ್ಟೇ ಸಡಿಲ ಆಗಿದ್ದಿದ್ದರೆ ಕೆಲಸ ಕಷ್ಟವಿತ್ತು. ಎಷ್ಟೋ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಬಿಚ್ಚಿ ಇನ್ನೊಂದು ಕೇಸಿಗೆ ಹಾಕೋಣ ಅಂದರೆ ಒಳಗೆ ಅದಕ್ಕೆ ಬೇಕಾದ ಸಾಟಾ ಪೋರ್ಟೇ (ಡಿಸ್ಕನ್ನು ಬೇರೆ ಬೋರ್ಡಿಗೆ ಜೋಡಿಸುವ ಸಾಕೆಟ್) ಇರುವುದಿಲ್ಲ. ಕೆಲವು ಬೋರ್ಡ್‌ಗಳು ಡೇಟಾವನ್ನು ಬೇರೆ ಕಡೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿಯೂ ಇಡುತ್ತವೆ. ಆದ್ದರಿಂದ ಕೇಸ್ ಬಿಚ್ಚುವುದು ಕೊನೇ ಉಪಾಯ.

ಕೊನೆಗೆ ಉಳಿದದ್ದು ಸಣ್ಣ ಕಾಟ. ಕೆಲಸ ಮಾಡುವಾಗ ಸರಿಯಿರುವ ಡ್ರೈವ್, ಊಟ ಮುಗಿಸಿ ಬಂದರೆ ಕಾಣುತ್ತಿರಲಿಲ್ಲ. ಸುಮ್ನೆ ಬಿಟ್ಟಾಗ ಮಾತ್ರ ಹೋಗುತ್ತದೆ ಅಂದರೆ ಪವರ್ ಉಳಿಸುವ ಸೆಟ್ಟಿಂಗ್ ಕಡೆ ನೋಡಬೇಕು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರುತ್ತದೆ, ಅದನ್ನು ಡಿಸೇಬಲ್ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಪವರ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ. ಆಮೇಲೆ ಆ ದೂರೂ ಇಲ್ಲ. ಡಿಸ್ಕ್ ತಾನೇ ತಿರುಗಾಟ ನಿಲ್ಲಿಸಿ ಮಲಗುವುದು ಬೇರೆ. ಆಗ ಫೋಲ್ಡರ್ ತೆರೆದರೆ ಕೆಲವು ಸೆಕೆಂಡ್ ತಡವಾಗುತ್ತದೆ, ಆದರೆ ಡ್ರೈವ್ ಮಾಯವಾಗುವುದಿಲ್ಲ. ಅದು ದೋಷ ಅಲ್ಲ.

ಕನೆಕ್ಷನ್ ಗಟ್ಟಿಯಾದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಡಿಸ್ಕಿನ ಆರೋಗ್ಯ ನೋಡಿದೆ. 05 ಮತ್ತು ಸಿ5, ಈ ಎರಡು ಸಾಲು ಮುಖ್ಯ. 05 ಕೆಟ್ಟು ಬದಲಿಸಿದ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಡೇಟಾ ಕೂರುವ ಸಣ್ಣ ತುಂಡುಗಳ) ಲೆಕ್ಕ, ಸಿ5 ಓದಲು ಕಷ್ಟಪಡುತ್ತಿರುವ ಸೆಕ್ಟರ್‌ಗಳ ಲೆಕ್ಕ. ನನ್ನದರಲ್ಲಿ ಎರಡೂ ಸೊನ್ನೆ. ಸಿ7 ಅನ್ನುವ ಸಾಲಿನಲ್ಲಿ ನಂಬರ್ ಇದ್ದರೆ ಯುಎಸ್‌ಬಿ ಕೇಬಲ್ ಕೆಟ್ಟಿದೆ ಅಂತ ಕೆಲವರು ಹೇಳುತ್ತಾರೆ. ಅದು ಎಣಿಸುವುದು ಡಿಸ್ಕ್ ಮತ್ತು ಒಳಗಿನ ಬೋರ್ಡಿನ ನಡುವಿನ ತಪ್ಪುಗಳನ್ನು, ಹೊರಗಿನ ಯುಎಸ್‌ಬಿ ಕೇಬಲ್ಲಿನದ್ದನ್ನಲ್ಲ.

ಇಷ್ಟೆಲ್ಲ ಆದ ಸ್ವಲ್ಪ ಕಾಲಕ್ಕೆ ಗೆಳೆಯನೊಬ್ಬ ಇದೇ ದೂರು ಹೇಳಿಕೊಂಡು ತನ್ನ ಡಿಸ್ಕ್ ತಂದ. ಕೇಬಲ್, ಪೋರ್ಟ್ ಎರಡೂ ಬದಲಿಸಿದರೂ ಒಂದೇ ಫೈಲಿನ ಹತ್ತಿರ ಬಂದಾಗ ನಿಲ್ಲುತ್ತಿತ್ತು. ಸಿ5 ಸಾಲಿನಲ್ಲಿ ನಂಬರ್ ಏರುತ್ತಿತ್ತು. "ಚೆಕ್‌ಡಿಸ್ಕ್ ಹಾಕಿಬಿಡ್ಲಾ?" ಅಂದ. ಬೇಡಪ್ಪಾ ಅಂತ ತಡೆದು, ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಹಚ್ಚಿದೆವು. ಅದು ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಡ್ರೈವ್ ಕಟ್ ಆದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಸುಲಭವಾಗಿ ಸಿಗುವ ಜಾಗ ಮೊದಲು ಓದಿ, ಹಟ ಮಾಡುವ ಜಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎರಡನೇ ಡಿಸ್ಕ್‌ಗೆ ಪೂರ್ತಿ ಪ್ರತಿ ಇಳಿದ ಮೇಲೆ ಆ ಪ್ರತಿಯ ಮೇಲೇ ಚೆಕ್‌ಡಿಸ್ಕ್ ಓಡಿಸಿದೆವು. ಒಂದೆರಡು ವಿಡಿಯೊ ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು. ಮೂಲ ಡಿಸ್ಕನ್ನು ಅವನು ಮತ್ತೆ ಬಳಸಲಿಲ್ಲ.